ಪರಭಾಷೆಯ ಮಾತು: ನಾಲಿಗೆಯ ಧಾಟಿ, ಮನಸ್ಸಿನ ಅಳುಕು

ಹೊಸ ಭಾಷೆ ಕಲಿತವರ ಮಾತಿನಲ್ಲಿ ತಾಯ್ನುಡಿಯ ಧಾಟಿ ಉಳಿದುಕೊಳ್ಳುವುದಕ್ಕೆ ನಾಲಿಗೆಯನ್ನು ದೂರುವುದು ವಾಡಿಕೆ. ನಾಲಿಗೆಗಿಂತ ಮೊದಲು ಪಳಗುವುದು ಕಿವಿ. ಕೆನಡಾದ ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ಮನೋವಿಜ್ಞಾನಿಗಳು ಇಂಗ್ಲಿಷ್ ಮಾತಾಡುವ ಮನೆಗಳ ಎಳೆಯ ಕೂಸುಗಳಿಗೆ ಹಿಂದಿಯ 'ತ' ಮತ್ತು 'ಟ' ಧ್ವನಿಗಳನ್ನು ಕೇಳಿಸಿ ಪರೀಕ್ಷೆ ನಡೆಸಿದರು. ಅದರ ಫಲಿತಾಂಶ 1984ರಲ್ಲಿ ಪ್ರಕಟವಾಯಿತು. 6ರಿಂದ 8 ತಿಂಗಳ ಕೂಸುಗಳು ಎರಡರ ವ್ಯತ್ಯಾಸವನ್ನು ಸಲೀಸಾಗಿ ಗುರುತಿಸಿದವು. 10ರಿಂದ 12 ತಿಂಗಳು ತುಂಬುವ ಹೊತ್ತಿಗೆ ಆ ಶಕ್ತಿ ಬಹುಪಾಲು ಹೋಗಿತ್ತು. ಮನೆಯ ಭಾಷೆಗೆ ಬೇಡವಾದ ಭೇದವನ್ನು ಕಿವಿ ಒಂದು ವರ್ಷದೊಳಗೇ ಬಿಟ್ಟುಕೊಟ್ಟಿತ್ತು.

ದಾವಣಗೆರೆ ತಾಲ್ಲೂಕಿನ ಲೋಕಿಕೆರೆಯಲ್ಲಿ ಹುಟ್ಟಿದ ಮಗುವಿಗೆ ಈ ತೊಡಕು ಬರುವುದಿಲ್ಲ. 'ತಟ್ಟೆ' ಎನ್ನುವ ಒಂದೇ ಪದದಲ್ಲಿ ಎರಡೂ ಧ್ವನಿಗಳು ದಿನಕ್ಕೆ ಹತ್ತು ಸಲ ಅದರ ಕಿವಿಗೆ ಬೀಳುತ್ತವೆ. ಆದರೆ ಇಂಗ್ಲಿಷಿನವರು ತುಟಿ ದುಂಡಗೆ ಮಾಡಿ ನುಡಿಯುವ 'ವೆಟ್' ಅಂದರೆ ಒದ್ದೆ, ಹಲ್ಲಿಗೆ ತುಟಿ ತಾಗಿಸಿ ನುಡಿಯುವ 'ವೆಟ್' ಅಂದರೆ ದನದ ಡಾಕ್ಟರು ಎಂಬ ಭೇದ ಆ ಮಗುವಿನ ಕಿವಿಗೆ ದಕ್ಕುವುದಿಲ್ಲ. ಕನ್ನಡಕ್ಕೆ ಒಂದೇ 'ವ' ಸಾಕು. ಮುಂದೆ ಶಾಲೆಯಲ್ಲಿ ಎಷ್ಟು ತಿದ್ದಿದರೂ ಕೇಳಿಸದ ಭೇದವನ್ನು ನುಡಿಯುವುದು ಕಷ್ಟ. ಎರಿಕ್ ಲೆನೆಬರ್ಗ್ 1967ರಲ್ಲಿ ಬಂದ ತನ್ನ ಪುಸ್ತಕದಲ್ಲಿ, ಭಾಷೆಯನ್ನು ತಾನಾಗಿ ಹೀರಿಕೊಳ್ಳುವ ಶಕ್ತಿ ಹರೆಯಕ್ಕೆ ಬರುವ ಹೊತ್ತಿಗೆ ಕುಗ್ಗುತ್ತದೆ ಎಂದು ವಾದಿಸಿದ. ವಯಸ್ಸಿನ ಈ ಗಡಿ ಎಷ್ಟು ಗಟ್ಟಿ ಎಂಬ ಬಗ್ಗೆ ವಿದ್ವಾಂಸರ ಚರ್ಚೆ ಇನ್ನೂ ಮುಗಿದಿಲ್ಲ. ಪದಸಂಪತ್ತು, ವ್ಯಾಕರಣಗಳನ್ನು ದೊಡ್ಡವರಾದ ಮೇಲೂ ಚೆನ್ನಾಗಿ ಕಲಿಯಬಹುದು, ಉಚ್ಚಾರಣೆ ಮಾತ್ರ ಎಲ್ಲಕ್ಕಿಂತ ಹೆಚ್ಚು ಹಟಮಾರಿ ಎಂಬುದರಲ್ಲಿ ಅನುಮಾನವಿಲ್ಲ.

ಜೇಮ್ಸ್ ಫ್ಲೆಗೆ ಎಂಬ ಅಮೆರಿಕದ ಸಂಶೋಧಕ ಇದಕ್ಕೆ ಇನ್ನೊಂದು ಮಾತು ಸೇರಿಸಿದ. ಪೂರ್ತಿ ಹೊಸದಾದ ಧ್ವನಿಗಿಂತ ತಾಯ್ನುಡಿಯ ಧ್ವನಿಗೆ ಹತ್ತಿರವಾದದ್ದೇ ಕಲಿಯುವುದಕ್ಕೆ ಹೆಚ್ಚು ಕಷ್ಟ, ಏಕೆಂದರೆ ಕಿವಿ ಅದನ್ನು ತನಗೆ ಗೊತ್ತಿರುವ ಧ್ವನಿಯ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಕನ್ನಡಿಗರ ಇಂಗ್ಲಿಷಿನ ಬಹುಪಾಲು ಲಕ್ಷಣಗಳು ಹೀಗೇ ಹುಟ್ಟಿದವು. ಇಂಗ್ಲಿಷಿನ ಟಕಾರದಲ್ಲಿ ನಾಲಿಗೆಯ ತುದಿ ಹಲ್ಲಿನ ಬುಡದ ಮೇಲಿನ ಒಸಡನ್ನು ಮುಟ್ಟುತ್ತದೆ. ಕನ್ನಡದ 'ಟ'ದಲ್ಲಿ ಇನ್ನೂ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಹಲ್ಲಿನ ಸಂದಿನಿಂದ ಗಾಳಿ ಜಾರಿಸಿ ನುಡಿಯಬೇಕಾದ ಇಂಗ್ಲಿಷ್ ಧ್ವನಿಯನ್ನು ಕನ್ನಡಿಗರು ಹಲ್ಲಿಗೆ ನಾಲಿಗೆ ಒತ್ತಿ 'ತ' ಅಥವಾ 'ಥ' ಮಾಡುತ್ತಾರೆ. ಹಾಗಾಗಿ ಅವರ ಬಾಯಲ್ಲಿ ಮೂರು ಎಂಬುದಕ್ಕೆ 'ತ್ರೀ', ಮರ ಎಂಬುದಕ್ಕೆ 'ಟ್ರೀ'. ಆಡಿದವರ ಮಟ್ಟಿಗೆ ಎರಡೂ ಸ್ಪಷ್ಟವಾಗಿ ಬೇರೆ ಬೇರೆ. ಇಂಗ್ಲೆಂಡಿನ ಕೇಳುಗನಿಗೆ ಮಾತ್ರ ಎರಡೂ ಒಂದೇ ಆಗಿ ಕೇಳಿಸಬಹುದು. ಕೂಸಾಗಿದ್ದಾಗ ಅವನ ಕಿವಿ ಬಿಟ್ಟುಕೊಟ್ಟದ್ದು ಇದೇ ಭೇದವನ್ನು. ತಪ್ಪು ಯಾರದು ಎಂದು ಕೇಳಿದರೆ ಅರ್ಧ ನಾಲಿಗೆಯದು, ಅರ್ಧ ಕಿವಿಯದು ಎಂದೇ ಹೇಳಬೇಕಾಗುತ್ತದೆ.

ಆಡುಗನ್ನಡದ ಪದಗಳು ಸ್ವರದಲ್ಲಿ ಕೊನೆಯಾಗುತ್ತವೆ. ಆದ್ದರಿಂದ ಲೋಕಿಕೆರೆಯಂಥ ಹಳ್ಳಿಯ ಮಗು ಇಂಗ್ಲಿಷನ್ನು ಮೊದಲು ಕೇಳುವುದೇ ಉಕಾರ ಹಚ್ಚಿಕೊಂಡ ರೂಪದಲ್ಲಿ: ಬಸ್ಸು, ಕರೆಂಟು, ಬೋರ್‌ವೆಲ್ಲು, ಪಂಪ್‌ಸೆಟ್ಟು. ಕನ್ನಡದಲ್ಲಿ ಎಕಾರದಿಂದ ಶುರುವಾಗುವ ಪದಕ್ಕೆ ಯಕಾರದ ಎಳೆ, ಒಕಾರಕ್ಕೆ ವಕಾರದ ಎಳೆ ಸೇರುತ್ತದೆ. 'ಎಲ್ಲಿ' ಎಂಬುದು 'ಯೆಲ್ಲಿ'ಯಾಗುವ ಹಾಗೆ 'ಎಗ್' ಕೂಡ 'ಯೆಗ್' ಆಗುತ್ತದೆ, 'ಓನ್ಲಿ' ಎಂಬುದು 'ವೋನ್ಲಿ' ಆಗುತ್ತದೆ. 'ಹಳಿ'ಗೂ 'ಹಳ್ಳಿ'ಗೂ ಅರ್ಥವೇ ಬೇರೆಯಾದ ಭಾಷೆಯವರು ಇಂಗ್ಲಿಷಿನಲ್ಲಿ ಜೋಡಿ ಅಕ್ಷರ ಕಂಡರೆ ಒತ್ತಿ ನುಡಿಯದೆ ಬಿಡುವುದಿಲ್ಲ. 'ಸಮ್ಮರ್', 'ಸಿಲ್ಲಿ', 'ರಬ್ಬರ್' ಎಲ್ಲವೂ ಹಾಗೆ ಬಂದವು. ಬರೆದಂತೆ ಓದುವ ಲಿಪಿಗೆ ಒಗ್ಗಿದವರಿಗೆ ಕೊಳಾಯಿ ರಿಪೇರಿ ಮಾಡುವವನ ಹೆಸರಿನಲ್ಲಿ ಬಕಾರ ಬರೆದಿದ್ದರೂ ನುಡಿಯಬಾರದು ಎಂಬುದು ಅನ್ಯಾಯವಾಗಿಯೇ ಕಾಣುತ್ತದೆ.

ಬಿಡಿ ಧ್ವನಿಗಳಿಗಿಂತ ದೊಡ್ಡ ವ್ಯತ್ಯಾಸ ಲಯದ್ದು. ಕನ್ನಡದಲ್ಲಿ ಅಕ್ಷರಗಳಿಗೆ ಹೆಚ್ಚುಕಡಿಮೆ ಸಮನಾದ ತೂಕ. ಯಾವ ಅಕ್ಷರದ ಮೇಲೆ ಒತ್ತು ಹಾಕಿದರೂ ಪದದ ಅರ್ಥ ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ ಹಾಗಲ್ಲ. 'ರೆಕಾರ್ಡ್' ಎಂಬ ಪದದ ಮೊದಲ ಭಾಗಕ್ಕೆ ಒತ್ತು ಬಿದ್ದರೆ ನಾಮಪದ, ಎರಡನೆಯದಕ್ಕೆ ಬಿದ್ದರೆ ಕ್ರಿಯಾಪದ. 'ಫೋಟೋಗ್ರಾಫ್' ಎನ್ನುವಾಗ ಮೊದಲ ಭಾಗದ ಮೇಲಿರುವ ಒತ್ತು 'ಫೋಟೋಗ್ರಾಫರ್' ಎನ್ನುವಾಗ ಎರಡನೆಯದಕ್ಕೆ ಸರಿಯುತ್ತದೆ, ಉಳಿದ ಸ್ವರಗಳು ಅರ್ಧ ನುಂಗಿಹೋಗುತ್ತವೆ. ಆರ್.ಕೆ. ಬನ್ಸಲ್ ಭಾರತೀಯರ ಇಂಗ್ಲಿಷ್ ಎಷ್ಟರಮಟ್ಟಿಗೆ ಅರ್ಥವಾಗುತ್ತದೆ ಎಂದು ಪರೀಕ್ಷಿಸಿ ಬರೆದ ಅಧ್ಯಯನ 1969ರಲ್ಲಿ ಹೈದರಾಬಾದಿನಿಂದ ಪ್ರಕಟವಾಯಿತು. ಬ್ರಿಟಿಷ್ ಕೇಳುಗರಿಗೆ ಸರಾಸರಿ ಸುಮಾರು ಶೇ. 70ರಷ್ಟು ಅರ್ಥವಾಗಿತ್ತು. ಅರ್ಥವಾಗದೆ ಹೋದ ಕಡೆ ಮುಖ್ಯ ಕಾರಣಗಳಲ್ಲಿ ಒಂದು, ಒತ್ತು ತಪ್ಪಾದ ಕಡೆ ಬಿದ್ದದ್ದು. ಉಚ್ಚಾರಣೆಯ ಪಾಠದಲ್ಲಿ ಒಂದೊಂದು ಅಕ್ಷರಕ್ಕಾಗಿ ಹೆಣಗುವ ಶಿಕ್ಷಕರು ಇದನ್ನು ಗಮನಿಸಬೇಕು.

ಧಾಟಿ ಎಂಬುದು ಪರಭಾಷೆಗೆ ಮಾತ್ರ ಅಂಟಿದ ವಿಷಯವಲ್ಲ. ದಾವಣಗೆರೆ, ಹರಿಹರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1956ರ ಏಕೀಕರಣದವರೆಗೆ ತುಂಗಭದ್ರೆಯ ಈಚೆ ದಡದ ಹರಿಹರ ಮೈಸೂರು ರಾಜ್ಯದ್ದು, ಆಚೆ ದಡದ ರಾಣೆಬೆನ್ನೂರು ಸೀಮೆ ಮುಂಬಯಿ ಪ್ರಾಂತ್ಯದ್ದು. ಸೇತುವೆ ದಾಟಿದರೆ ಮಾತಿನ ರಾಗವೇ ಬದಲಾಗುತ್ತದೆ. ದಾವಣಗೆರೆಯ ಪೇಟೆಯಲ್ಲಿ 'ಇದೆ', 'ಐತೆ', 'ಐತಿ' ಮೂರೂ ಕಿವಿಗೆ ಬೀಳುತ್ತವೆ. ಈ ಊರಿನವರು ಬೆಂಗಳೂರಿಗೆ ಹೋದರೆ 'ನೀವು ಹುಬ್ಬಳ್ಳಿ ಕಡೆಯವರಾ' ಎಂಬ ಪ್ರಶ್ನೆ ಎದುರಾಗುತ್ತದೆ, ಧಾರವಾಡಕ್ಕೆ ಹೋದರೆ 'ನೀವು ಮೈಸೂರು ಕಡೆಯವ್ರೇನ್ರಿ' ಎಂಬ ಪ್ರಶ್ನೆ. ತಾಯ್ನುಡಿಯಲ್ಲೇ ಧಾಟಿಯ ಕಾರಣಕ್ಕೆ ಹೊರಗಿನವರಾದ ಅನುಭವ ಇದ್ದವರು ಇಂಗ್ಲಿಷಿನ ಮುಂದೆ ಇನ್ನಷ್ಟು ಮುದುಡುವುದರಲ್ಲಿ ಆಶ್ಚರ್ಯವಿಲ್ಲ.

ಮುದುಡಿದ ಮನಸ್ಸು ಧ್ವನಿಯನ್ನೇ ಬದಲಿಸುತ್ತದೆ ಎಂಬುದಕ್ಕೆ ಕನ್ನಡದಲ್ಲೇ ಒಂದು ಒಳ್ಳೆಯ ಸಾಕ್ಷಿ ಇದೆ. ಹಳೆ ಮೈಸೂರು ಸೀಮೆಯ ಹಳ್ಳಿಗಳಲ್ಲಿ 'ಹಾಲು' ಎಂಬುದು 'ಆಲು' ಆಗುವುದು ಆ ನುಡಿಯ ಸಹಜ ನಿಯಮ. ಶಾಲೆಯಲ್ಲಿ, ಪೇಟೆಯಲ್ಲಿ ಇದಕ್ಕಾಗಿ ಬೈಸಿಕೊಂಡವರು ವೇದಿಕೆ ಹತ್ತಿದಾಗ ಎಚ್ಚರದಿಂದ ಹಕಾರ ಸೇರಿಸಲು ಹೋಗುತ್ತಾರೆ. ಆಗ ಬೇಕಾದಲ್ಲಿ ಬಂದ ಹಕಾರ ಬೇಡವಾದಲ್ಲೂ ಬಂದು 'ಆನೆ' ಎಂಬುದು 'ಹಾನೆ' ಆಗುತ್ತದೆ. ಮನೆಯಲ್ಲಿ, ಹೊಲದಲ್ಲಿ ಅದೇ ವ್ಯಕ್ತಿ ಎಂದೂ 'ಹಾನೆ' ಎನ್ನುವುದಿಲ್ಲ. ಆ ತಪ್ಪನ್ನು ಹುಟ್ಟಿಸಿದ್ದು ಅಜ್ಞಾನವಲ್ಲ, ಅಂಜಿಕೆ.

ಪರಭಾಷೆಯಲ್ಲಿ ಈ ಅಂಜಿಕೆ ಹಲವು ಪಟ್ಟು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ದಾವಣಗೆರೆಯ ಕಾಲೇಜು ಸೇರುವ ಹಳ್ಳಿಯ ವಿದ್ಯಾರ್ಥಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಎಲ್ಲವೂ ಒಂದೇ ದಿನ ಇಂಗ್ಲಿಷಿಗೆ ತಿರುಗುತ್ತವೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಇದೆ, ನಿಜ. ಆದರೆ ಪಾಠದಲ್ಲಿ ಓದಿದ ಇಂಗ್ಲಿಷಿಗೂ ಎದ್ದು ನಿಂತು ಆಡಬೇಕಾದ ಇಂಗ್ಲಿಷಿಗೂ ಅಜಗಜಾಂತರ. ಉಪನ್ಯಾಸಕರು ಪ್ರಶ್ನೆ ಕೇಳುತ್ತಾರೆ. ಉತ್ತರ ಹುಡುಗಿಗೆ ಗೊತ್ತಿದೆ. ಎದ್ದು ನಿಂತ ಕೂಡಲೇ ಬಾಯಿ ಒಣಗುತ್ತದೆ, ಉಸಿರು ಮೇಲಕ್ಕೇರುತ್ತದೆ, ದನಿ ಸಣ್ಣಗಾಗುತ್ತದೆ. ಮೊದಲ ಪದ ತಪ್ಪಿತು ಅನ್ನಿಸಿದೊಡನೆ ಎರಡನೆಯದು ಬರುವುದಿಲ್ಲ. ಹಿಂದಿನ ಬೆಂಚಿನಿಂದ ಕಿಸಕ್ಕೆಂದು ಯಾರಾದರೂ ನಕ್ಕರೆ ಆ ಇಡೀ ವರ್ಷ ಆಕೆ ಬಾಯಿ ತೆರೆಯದೆ ಇರಬಹುದು.

ಇದರ ಒಳಗಿನ ಕೆಲಸ ಹೀಗೆ. ಪರಭಾಷೆಯಲ್ಲಿ ಮಾತಾಡುವಾಗ ಪದ ಹುಡುಕುವುದು, ಕಾಲ, ಲಿಂಗ, ವಚನ ಹೊಂದಿಸುವುದು, ನಾಲಿಗೆ ತಿರುಗಿಸುವುದು ಇವೆಲ್ಲ ಮಿದುಳಿನ ತಾತ್ಕಾಲಿಕ ನೆನಪಿನ ಜಾಗದಲ್ಲೇ ನಡೆಯಬೇಕು. ಆ ಜಾಗ ಚಿಕ್ಕದು. 'ತಪ್ಪಾದರೆ ಏನಂದುಕೊಳ್ಳುತ್ತಾರೋ' ಎಂಬ ಚಿಂತೆ ಬಂದು ಅಲ್ಲಿ ಕೂತರೆ ಉಳಿದ ಕೆಲಸಗಳಿಗೆ ಜಾಗವಿಲ್ಲ. ಆಗ ನಾಲಿಗೆ ತನಗೆ ತಾನೇ ಬರುವ ಹಳೆಯ ಚಲನೆಗಳಿಗೆ ಮರಳುತ್ತದೆ, ತಾಯ್ನುಡಿಯ ಧಾಟಿ ಮಾಮೂಲಿಗಿಂತ ದಟ್ಟವಾಗುತ್ತದೆ. ದಣಿವು, ಸಿಟ್ಟು, ಗಾಬರಿಗಳಲ್ಲೂ ಹೀಗೇ ಆಗುತ್ತದೆ. ಎಲೇನ್ ಹಾರ್ವಿಟ್ಸ್ ಮತ್ತು ಸಂಗಡಿಗರು 1986ರಲ್ಲಿ ಪರಭಾಷೆಯ ತರಗತಿಯ ಆತಂಕವನ್ನು ಅಳೆಯಲು 33 ಹೇಳಿಕೆಗಳ ಪ್ರಶ್ನಾವಳಿಯೊಂದನ್ನು ರೂಪಿಸಿದರು. ಅದು ಇಂದಿಗೂ ಜಗತ್ತಿನ ಹಲವೆಡೆ ಬಳಕೆಯಲ್ಲಿದೆ. ಈ ಆತಂಕ ಪುಕ್ಕಲು ಸ್ವಭಾವದವರಿಗೆ ಮಾತ್ರ ಬರುವಂಥದಲ್ಲ, ಇತರ ವಿಷಯಗಳಲ್ಲಿ ದಿಟ್ಟರಾದವರಿಗೂ ಪರಭಾಷೆಯ ತರಗತಿಯಲ್ಲಿ ಪ್ರತ್ಯೇಕವಾಗಿ ಕಾಡುತ್ತದೆ ಎಂಬುದು ಅವರ ಮುಖ್ಯ ವಾದ.

ಹಳ್ಳಿಯ ವಿದ್ಯಾರ್ಥಿಗೆ ಅಂಜಿಕೆ ಒಂದೇ ಕಡೆಯಿಂದ ಬರುವುದೂ ಇಲ್ಲ. ಕಾಲೇಜಿನಲ್ಲಿ ಇಂಗ್ಲಿಷ್ ಹಳ್ಳಿಯ ಧಾಟಿಯಲ್ಲಿ ಬಂದರೆ ನಗೆ. ಅದನ್ನು ತಿದ್ದಿಕೊಂಡು ಊರಿಗೆ ಬಂದು ಆಡಿದರೆ 'ಟಸ್‌ಪುಸ್ ಅಂತ ಶುರು ಹಚ್ಕಂಡ' ಎಂಬ ಕುಟುಕು. ಧಾಟಿ ಎಂಬುದು ಯಾರು ಯಾರಿಗೆ ಸೇರಿದವರು ಎಂಬುದರ ಗುರುತು. ಅದನ್ನು ಬಿಡುವುದೆಂದರೆ ತನ್ನವರನ್ನು ಬಿಟ್ಟ ಹಾಗೆ ಎಂದು ಮನಸ್ಸು ಅಳುಕುತ್ತದೆ. ಅಮೆರಿಕದ ಮಾರ್ಥಾಸ್ ವಿನ್ಯರ್ಡ್ ಎಂಬ ದ್ವೀಪದ ಮಾತನ್ನು ವಿಲಿಯಂ ಲಬೋವ್ ಅಧ್ಯಯನ ಮಾಡಿ 1963ರಲ್ಲಿ ಬರೆದದ್ದೂ ಇದನ್ನೇ. ಬೇಸಿಗೆಯ ಪ್ರವಾಸಿಗರು ಹೆಚ್ಚಿದಷ್ಟೂ ದ್ವೀಪದ ಮೇಲೆ ಅಭಿಮಾನವುಳ್ಳವರು ತಮಗರಿವಿಲ್ಲದೆ ತಮ್ಮ ಹಳೆಯ ಸ್ವರಗಳನ್ನು ಇನ್ನಷ್ಟು ಗಾಢ ಮಾಡಿಕೊಂಡಿದ್ದರು.

ಮನಸ್ಸಿನ ಬಿಗಿ ಸಡಿಲವಾದರೆ ಉಚ್ಚಾರಣೆ ಸುಧಾರಿಸುತ್ತದೆಯೇ ಎಂದು ನೋಡಲು ಅಲೆಕ್ಸಾಂಡರ್ ಗಿಯೋರಾ ಮತ್ತು ಸಂಗಡಿಗರು ವಿಚಿತ್ರವಾದ ಪ್ರಯೋಗವೊಂದನ್ನು ಮಾಡಿ 1972ರಲ್ಲಿ ಪ್ರಕಟಿಸಿದರು. ಅಮೆರಿಕನ್ನರಿಗೆ ಅಳತೆ ಮಾಡಿದ ಮದ್ಯ ಕೊಟ್ಟು ಥಾಯ್ ಭಾಷೆಯ ಪದಗಳನ್ನು ಅನುಕರಿಸಲು ಹೇಳಿದರು. ಸ್ವಲ್ಪವೇ ಕುಡಿದವರ ಉಚ್ಚಾರಣೆ ಏನೂ ಕುಡಿಯದವರಿಗಿಂತ ಚೆನ್ನಾಗಿತ್ತು, ಹೆಚ್ಚು ಕುಡಿದವರದು ಕೆಟ್ಟಿತ್ತು. ಇದರಿಂದ ತಿಳಿಯಬೇಕಾದದ್ದು ಮದ್ಯದ ಗುಣವನ್ನಲ್ಲ. ನಾಲಿಗೆಗೆ ಬರುವ ಧ್ವನಿಯನ್ನೂ ಸಂಕೋಚ ತಡೆಹಿಡಿದಿರುತ್ತದೆ ಎಂಬುದನ್ನು. ಆ ಸಂಕೋಚ ಕಳೆಯಲು ನಾಟಕ, ಹಾಡು, ಅಣಕು ಅಭಿನಯಗಳು ಸಾಕು. ಬೇರೆಯವರ ಪಾತ್ರ ಹಾಕಿಕೊಂಡ ಹುಡುಗ ತಪ್ಪನ್ನು ಪಾತ್ರದ ಮೇಲೆ ಹೊರಿಸಿ ನಿರಾಳವಾಗಿ ಮಾತಾಡುತ್ತಾನೆ.

ಭಾವನೆ ಮಾತನ್ನು ಬಾಧಿಸುವುದು ಒಂದು ದಿಕ್ಕು. ಭಾಷೆ ಭಾವನೆಯ ಕಾವನ್ನು ಏರಿಸುವುದು, ಇಳಿಸುವುದು ಇನ್ನೊಂದು ದಿಕ್ಕು. ಕಾಲು ಎಡವಿದಾಗ 'ಯವ್ವಾ' ಎಂದೇ ಬಾಯಿಗೆ ಬರುತ್ತದೆ. ಇಂಗ್ಲೆಂಡಿನಲ್ಲಿ ಹತ್ತಾರು ವರ್ಷ ಇದ್ದ ಕನ್ನಡಿಗರೂ ಮನಸ್ಸಿನಲ್ಲಿ ಲೆಕ್ಕ ಮಾಡುವುದು, ದೇವರನ್ನು ಕರೆಯುವುದು ಸಾಮಾನ್ಯವಾಗಿ ಕನ್ನಡದಲ್ಲೇ. ಕ್ಯಾಥರೀನ್ ಹ್ಯಾರಿಸ್ ಮತ್ತು ಆಯ್ಶೆ ಆಯ್ಚಿಚೆಗಿ ಅವರ 2003ರ ಅಧ್ಯಯನದಲ್ಲಿ, ಇಂಗ್ಲಿಷ್ ಕಲಿತ ತುರ್ಕಿ ಜನರಿಗೆ ಎರಡೂ ಭಾಷೆಗಳ ಮಾತುಗಳನ್ನು ಒಡ್ಡಿ, ಭಾವನೆ ಕೆರಳಿದಾಗ ಬೆರಳಿನ ಚರ್ಮದ ಬೆವರಿನಲ್ಲಾಗುವ ಬದಲಾವಣೆಯನ್ನು ಅಳೆದರು. ಚಿಕ್ಕಂದಿನಲ್ಲಿ ಹಿರಿಯರು ಗದರುವ ಮಾತುಗಳು ತುರ್ಕಿಯಲ್ಲಿ ಬಂದಾಗ ಮೈ ಹೆಚ್ಚು ಜೋರಾಗಿ ಪ್ರತಿಕ್ರಿಯಿಸಿತು. ಇಂಗ್ಲಿಷಿನಲ್ಲಿ ಅಷ್ಟಿರಲಿಲ್ಲ. 'ನಾಚಿಕೆ ಆಗಲ್ವಾ ನಿಂಗೆ' ಎಂಬ ಮಾತು ಅವ್ವನ ದನಿಯಲ್ಲಿ ಕಿವಿಗೆ ಬಿದ್ದವರಿಗೆ ಇದು ಚೆನ್ನಾಗಿ ಗೊತ್ತು.

ಹಾಸನದಲ್ಲಿ 1908ರಲ್ಲಿ ಹುಟ್ಟಿದ, ಕನ್ನಡ ಮನೆಮಾತಿನ ರಾಜಾ ರಾವ್ 1938ರಲ್ಲಿ 'ಕಾಂತಾಪುರ' ಕಾದಂಬರಿಯ ಮುನ್ನುಡಿಯಲ್ಲಿ ಈ ಮಾತನ್ನು ಸಂಶೋಧನೆಗಳಿಗೆ ಎಷ್ಟೋ ಮೊದಲೇ ಆಡಿದ್ದರು. ಇಂಗ್ಲಿಷ್ ನಮಗೆ ಪರಕೀಯವಲ್ಲ, ಅದು ನಮ್ಮ ಬುದ್ಧಿಯ ಭಾಷೆ, ಆದರೆ ನಮ್ಮ ಭಾವದ ಭಾಷೆಯಲ್ಲ ಎಂಬುದು ಅವರ ಮಾತಿನ ಸಾರ. ಅವರು ಆ ಕಷ್ಟವನ್ನು ಇಂಗ್ಲಿಷಿಗೇ ಹಳ್ಳಿಯ ಕಥೆಯ ಓಟ ಕೊಟ್ಟು ಎದುರಿಸಿದರು. ಯು.ಆರ್. ಅನಂತಮೂರ್ತಿ ಬೇರೆ ದಾರಿ ಹಿಡಿದರು. ಇಂಗ್ಲಿಷ್ ಅಧ್ಯಾಪಕರಾಗಿದ್ದ ಅವರು ಸಂಶೋಧನೆಗೆಂದು ಬರ್ಮಿಂಗ್‌ಹ್ಯಾಮಿನಲ್ಲಿದ್ದಾಗ, ಸುತ್ತ ಇಂಗ್ಲಿಷೇ ತುಂಬಿರುವ ಹೊತ್ತಿನಲ್ಲಿ, 'ಸಂಸ್ಕಾರ'ವನ್ನು ಕನ್ನಡದಲ್ಲಿ ಬರೆದರು.

ಕಾವು ಕಡಿಮೆಯಾಗುವುದರಿಂದ ಲಾಭವೂ ಇದೆ. ಷಿಕಾಗೋದ ಬೋಅಜ್ ಕೈಸರ್ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದಂತೆ, ಲಾಭನಷ್ಟದ ತೀರ್ಮಾನಗಳನ್ನು ಪರಭಾಷೆಯಲ್ಲಿ ಯೋಚಿಸಿದವರು ನಷ್ಟದ ಭಯಕ್ಕೆ ಕಡಿಮೆ ಒಳಗಾದರು. ಹೇಳಲು ಮುಜುಗರವಾಗುವ ವಿಷಯಗಳನ್ನು ಕನ್ನಡಿಗರು ಇಂಗ್ಲಿಷ್ ಪದದ ಮರೆಯಲ್ಲಿ ಹೇಳುವುದೂ, ಗಂಡಹೆಂಡಿರು 'ಸಾರಿ' ಎಂಬ ಪದದಲ್ಲಿ ಕ್ಷಮೆ ಕೇಳಿ ಮುಗಿಸುವುದೂ ಇದೇ ಕಾರಣಕ್ಕೆ. ಪರಭಾಷೆಯ ಪದ ಎದೆಗೆ ಅಷ್ಟಾಗಿ ತಾಗುವುದಿಲ್ಲ. ಆದರೆ ಆಸ್ಪತ್ರೆಯಲ್ಲಿ ಕಾಯಿಲೆಯ ಸುದ್ದಿ ತಿಳಿಸುವಾಗ, ಪೊಲೀಸ್ ಠಾಣೆಯಲ್ಲಿ ದೂರು ಬರೆಸಿಕೊಳ್ಳುವಾಗ ತಾಗಲೇಬೇಕು. ಅಲ್ಲಿ ತಾಯ್ನುಡಿಗೆ ಬದಲಿಯಿಲ್ಲ.

ಇಷ್ಟು ಹೊತ್ತು ಆಡುವವರ ಮಾತಾಯಿತು. ಕೇಳುವವರ ಪಾಲೂ ಸಣ್ಣದಲ್ಲ. ಶಿರಿ ಲೆವ್-ಆರಿ ಮತ್ತು ಕೈಸರ್ 2010ರಲ್ಲಿ, 'ಒಂಟೆಗಿಂತ ಜಿರಾಫೆ ಹೆಚ್ಚು ದಿನ ನೀರಿಲ್ಲದೆ ಇರಬಲ್ಲದು' ಎಂಬಂಥ ಹೇಳಿಕೆಗಳನ್ನು ಬೇರೆ ಬೇರೆ ಧಾಟಿಯವರಿಂದ ಓದಿಸಿ ನಿಜವೋ ಸುಳ್ಳೋ ಎಂದು ಕೇಳಿದರು. ಓದುವವರು ಬರೆದುಕೊಟ್ಟದ್ದನ್ನು ಓದುತ್ತಿದ್ದಾರೆ ಅಷ್ಟೆ ಎಂದು ಮೊದಲೇ ತಿಳಿಸಿದ್ದರೂ ಪರದೇಶದ ಧಾಟಿಯಲ್ಲಿ ಬಂದ ಹೇಳಿಕೆಗೆ ನಂಬಿಕೆ ಕಡಿಮೆ ಸಿಕ್ಕಿತು. ಅರ್ಥ ಮಾಡಿಕೊಳ್ಳಲು ಪಟ್ಟ ಶ್ರಮವನ್ನು ಮನಸ್ಸು ಅನುಮಾನವೆಂದು ಎಣಿಸಿಕೊಂಡಿತ್ತು. ಡೊನಾಲ್ಡ್ ರೂಬಿನ್ 1992ರ ಅಧ್ಯಯನದಲ್ಲಿ ಅಮೆರಿಕದ ವಿದ್ಯಾರ್ಥಿಗಳಿಗೆ ಅಚ್ಚ ಅಮೆರಿಕದ ಧಾಟಿಯ ಒಂದೇ ಉಪನ್ಯಾಸದ ಧ್ವನಿಮುದ್ರಣ ಕೇಳಿಸಿದ. ಒಂದು ಗುಂಪಿಗೆ ಬಿಳಿಯ ಮಹಿಳೆಯ ಚಿತ್ರ ತೋರಿಸಲಾಗಿತ್ತು, ಇನ್ನೊಂದಕ್ಕೆ ಏಷ್ಯಾದ ಮಹಿಳೆಯ ಚಿತ್ರ. ಎರಡನೆಯ ಗುಂಪಿನವರಿಗೆ ಇಲ್ಲದ ಧಾಟಿ ಕೇಳಿಸಿತು, ಪಾಠವೂ ಕಡಿಮೆ ಅರ್ಥವಾಯಿತು.

ಭಾವನೆ ತಪ್ಪಾಗಿ ತಲುಪುವುದು ಹೆಚ್ಚಾಗಿ ರಾಗದಿಂದ. ಜಾನ್ ಗಂಪರ್ಜ್ ದಾಖಲಿಸಿದ ಪ್ರಸಂಗವೊಂದು ಭಾಷಾಶಾಸ್ತ್ರದಲ್ಲಿ ಹೆಸರುವಾಸಿ. ಬ್ರಿಟನ್ನಿನ ದೊಡ್ಡ ವಿಮಾನ ನಿಲ್ದಾಣವೊಂದರ ಸಿಬ್ಬಂದಿ ಕ್ಯಾಂಟೀನಿನಲ್ಲಿ ಬಡಿಸುತ್ತಿದ್ದ ಭಾರತ, ಪಾಕಿಸ್ತಾನ ಮೂಲದ ಹೆಂಗಸರು ಒರಟರು ಎಂಬ ದೂರಿತ್ತು. ಗೊಜ್ಜು ಬೇಕೇ ಎಂದು ಕೇಳುವಾಗ ಇಂಗ್ಲಿಷರು 'ಗ್ರೇವಿ?' ಎಂದು ದನಿ ಏರಿಸುತ್ತಾರೆ. ಇವರು ದನಿ ಇಳಿಸಿ ಹೇಳುತ್ತಿದ್ದರು. ಊಟಕ್ಕೆ ಬಂದವರಿಗೆ ಅದು 'ಇಗೋ ಗ್ರೇವಿ, ಬೇಕಾದರೆ ತಗೋ' ಎಂದು ಕೇಳಿಸಿತು. ಕನ್ನಡಿಗರಿಗೂ ಇದು ಅನ್ವಯಿಸುತ್ತದೆ. 'ಸಾರು ಬೇಕೇನ್ರೀ' ಎನ್ನುವಾಗ ಪ್ರಶ್ನೆ 'ಏನ್'ನಲ್ಲಿದೆ, ಮರ್ಯಾದೆ 'ರೀ'ಯಲ್ಲಿದೆ. ಎರಡೂ ಪದದಲ್ಲೇ ಇರುವುದರಿಂದ ದನಿ ಏರಿಳಿಸುವ ಹೊರೆ ಕಡಿಮೆ. ಇಂಗ್ಲಿಷಿಗೆ ಹೋದಾಗ 'ರೀ' ಉದುರಿಹೋಗುತ್ತದೆ, ಅದರ ಜಾಗಕ್ಕೆ ಬರಬೇಕಾದ ರಾಗ ಬರುವುದಿಲ್ಲ. ಮನಸ್ಸಿನಲ್ಲಿ ಪೂರ್ತಿ ವಿನಯ ಇಟ್ಟುಕೊಂಡೇ ಆಡಿದ ಮಾತು ಗಡುಸಾಗಿ ತಲುಪುತ್ತದೆ.

ದಾವಣಗೆರೆಯಲ್ಲಿ ಇದೇ ನಾಟಕ ಪಾತ್ರ ಅದಲುಬದಲಾಗಿಯೂ ನಡೆಯುತ್ತದೆ. 1965ರಲ್ಲಿ ಶುರುವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನಂಥ ಸಂಸ್ಥೆಗಳಿಗೆ ಬೇರೆ ರಾಜ್ಯಗಳಿಂದಲೂ ವಿದ್ಯಾರ್ಥಿಗಳು ಬರುತ್ತಾರೆ. 2019ರಿಂದ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮದ ಆರಂಭದ ತರಬೇತಿಯಲ್ಲಿ ಸ್ಥಳೀಯ ಭಾಷೆಯ ಕಲಿಕೆಯೂ ಸೇರಿದೆ. ಉತ್ತರ ಭಾರತದಿಂದ ಬಂದವರಿಗೆ ಇಲ್ಲಿ ಹ್ರಸ್ವ ಎಕಾರ, ಒಕಾರಗಳು ಕೈಕೊಡುತ್ತವೆ, 'ಳ' ಹೊರಳುವುದಿಲ್ಲ. 'ಹೊಟ್ಟೆ ನೋವು ಎಲ್ಲಿ' ಎಂಬುದು 'ಹೋಟೆ ನೋವು ಏಲಿ' ಆಗಬಹುದು. ಹಳ್ಳಿಯಿಂದ ಬಂದ ರೋಗಿಗಳು ಅದಕ್ಕೆ ಮುಖ ಸಿಂಡರಿಸುವುದು ಅಪರೂಪ. ನಗುತ್ತಾರೆ, ತಿದ್ದಿ ಹೇಳುತ್ತಾರೆ, 'ಕನ್ನಡ ಕಲ್ತೀರಲ್ಲ, ಸಾಕು ಬಿಡ್ರಿ' ಎನ್ನುತ್ತಾರೆ. ಅಂಥ ಕಡೆ ಕಲಿತವರ ಕನ್ನಡ ಬೇಗ ಅರಳು ಹುರಿದಂತಾಗುತ್ತದೆ. ಅದೇ ಔದಾರ್ಯ ಹಳ್ಳಿಯ ಹುಡುಗಿಯ ಇಂಗ್ಲಿಷಿಗೂ ಕಾಲೇಜಿನಲ್ಲಿ ಸಿಗಬೇಕಾದದ್ದು ನ್ಯಾಯ. ಕೇಳುವವರಿಗೆ ಇದು ದೊಡ್ಡ ಹೊರೆಯೂ ಅಲ್ಲ. ಪರದೇಶದ ಧಾಟಿಗೆ ಕಿವಿ ಹೊಂದಿಕೊಳ್ಳಲು ಒಂದು ನಿಮಿಷದಷ್ಟು ಕೇಳುವಿಕೆ ಸಾಕು ಎಂದು ಕಾನ್‌ಸ್ಟನ್ಸ್ ಕ್ಲಾರ್ಕ್ ಮತ್ತು ಮೆರಿಲ್ ಗ್ಯಾರೆಟ್ 2004ರಲ್ಲಿ ತೋರಿಸಿದ್ದಾರೆ.

ಧಾಟಿಯನ್ನು ಅಳಿಸಿಹಾಕುವ ಪ್ರಯತ್ನವನ್ನು ಕರ್ನಾಟಕ ಹತ್ತಿರದಿಂದಲೇ ನೋಡಿದೆ. ಬೆಂಗಳೂರಿನಲ್ಲಿ ಕಾಲ್‌ಸೆಂಟರ್‌ಗಳು ಹಬ್ಬಿದಾಗ ಸಣ್ಣ ಊರುಗಳ ಯುವಕರಿಗೆ ವಾರಗಟ್ಟಲೆ ಉಚ್ಚಾರಣೆಯ ತರಬೇತಿ ನಡೆಯಿತು, ಅನೇಕರಿಗೆ ಕೆಲಸದ ಹೊತ್ತಿಗೊಂದು ಇಂಗ್ಲಿಷ್ ಹೆಸರೂ ಸಿಕ್ಕಿತು. ಇಡೀ ರಾತ್ರಿ ಬೇರೊಬ್ಬರ ಧಾಟಿಯಲ್ಲಿ ಬೇರೊಬ್ಬರ ಸಿಟ್ಟನ್ನು ಕೇಳುವ ಆ ಕೆಲಸ ಮನಸ್ಸನ್ನು ಹಿಂಡುವಂಥದು. ಈಚೆಗೆ ಮಾತಾಡುತ್ತಿರುವಾಗಲೇ ಧಾಟಿಯನ್ನು ಬದಲಿಸುವ ತಂತ್ರಾಂಶಗಳೂ ಬಂದಿವೆ. ಆದರೆ ಕೆನಡಾದ ಮರ್ರೇ ಮನ್ರೋ ಮತ್ತು ಟ್ರೇಸಿ ಡರ್ವಿಂಗ್ 1995ರಲ್ಲೇ ಸ್ಪಷ್ಟಪಡಿಸಿದ ಸಂಗತಿ ಒಂದಿದೆ. ಧಾಟಿ ಗಾಢವಾಗಿರುವುದು ಬೇರೆ, ಮಾತು ಅರ್ಥವಾಗದಿರುವುದು ಬೇರೆ. ಧಾಟಿ ಬಹಳ ಇದೆ ಎಂದು ಕೇಳುಗರು ಹೇಳಿದ ಮಾತುಗಳನ್ನೂ ಅವರೇ ಅಕ್ಷರಶಃ ಸರಿಯಾಗಿ ಬರೆದುಕೊಂಡಿದ್ದರು. ತರಗತಿಯಲ್ಲಿ ಹಿಡಿಯಬೇಕಾದ ದಾರಿ ಇದರಿಂದ ಗೊತ್ತಾಗುತ್ತದೆ. ಒತ್ತು ಬೀಳಬೇಕಾದ ಜಾಗ, ಪ್ರಶ್ನೆಯ ರಾಗ, ವಾಕ್ಯದ ನಡುವಿನ ನಿಲುಗಡೆ, ಅರ್ಥ ಕೆಡಿಸುವ ಕೆಲವೇ ಧ್ವನಿಗಳು ಇವನ್ನು ಕಲಿಸಬೇಕು. 'ಯೆಗ್' ಎಂದವರಿಗೆ ಮೊಟ್ಟೆ ಸಿಕ್ಕೇ ಸಿಗುತ್ತದೆ, ಅದನ್ನು ಬಿಟ್ಟುಬಿಡಬಹುದು.

ಜಗತ್ತಿನ ಮಾನದಂಡಗಳೂ ಈ ಕಡೆಗೇ ವಾಲಿವೆ. ಯುರೋಪಿನ ಭಾಷಾ ಕಲಿಕೆಯ ಚೌಕಟ್ಟು 2018ರಲ್ಲಿ ತನ್ನ ಉಚ್ಚಾರಣೆಯ ಅಳತೆಗೋಲನ್ನು ಬದಲಿಸಿ, ಆ ಭಾಷೆಯಲ್ಲೇ ಹುಟ್ಟಿದವರಂತೆ ನುಡಿಯುವುದನ್ನು ಗುರಿಯಾಗಿ ಇಡುವುದನ್ನು ಕೈಬಿಟ್ಟಿತು. ಒಂದು ಮಾತು ತಪ್ಪಿ ಕೇಳಿಸಿದರೆ ನೂರಾರು ಜೀವ ಹೋಗಬಹುದಾದ ವಿಮಾನಯಾನದಲ್ಲೂ, ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2008ರಿಂದ ಜಾರಿಗೆ ತಂದ ಇಂಗ್ಲಿಷ್ ಪರೀಕ್ಷೆಯಲ್ಲಿ ಪೈಲಟ್‌ಗಳ ಉಚ್ಚಾರಣೆ, ಒತ್ತು, ಲಯ, ರಾಗಗಳ ಮೇಲೆ ತಾಯ್ನುಡಿಯ ಪ್ರಭಾವ ಇರಬಹುದು ಎಂದೇ ಬರೆದಿದೆ. ಅಂತರರಾಷ್ಟ್ರೀಯ ಹಾರಾಟಕ್ಕೆ ಬೇಕಾದ ನಾಲ್ಕನೇ ದರ್ಜೆಯಲ್ಲಿ ಆ ಪ್ರಭಾವ ಕೇಳುವವರ ತಿಳಿವಳಿಕೆಗೆ ಕೆಲವೊಮ್ಮೆ ಅಡ್ಡಬಂದರೂ ನಡೆಯುತ್ತದೆ. ಅತ್ಯುನ್ನತವಾದ ಆರನೇ ದರ್ಜೆಯಲ್ಲೂ ತಾಯ್ನುಡಿಯ ಧಾಟಿಗೆ ನಿಷೇಧವಿಲ್ಲ.